ನಾಯಕಿಯ ಕೆನ್ನೆ ಒರೆಸಿದ್ದು

ಪರದೆಯ ಮೇಲೆ ನಾಯಕಿಯ ಕೆನ್ನೆಗೆ ಬಿದ್ದ ಕಪ್ಪು ಮಚ್ಚೆಯನ್ನು ಒದ್ದೆ ಬಟ್ಟೆಯಿಂದ ಉಜ್ಜಿದ ಮಹಾಶೂರ ನಾನು. ಕೆ.ಆರ್. ನಗರದ ನಮ್ಮ ಟಾಕೀಸಿಗೆ ಡಿಜಿಟಲ್ ಪ್ರೊಜೆಕ್ಟರ್ ಬಂದ ಹೊಸತು. ಜನ ಎದ್ದುಹೋದರೆ ಆಪರೇಟರನ್ನು ಮನೆಗೆ ಕಳಿಸುತ್ತೇನೆಂದು ಮಾಲೀಕರು ಗುಡುಗಿದ್ದರು. ಮಚ್ಚೆ ಕಂಡು ಜನ ಎದ್ದರು. ಆಪರೇಟರ ಕೆಲಸ ಉಳಿಸಲು, ಗೇಟಿನಲ್ಲಿ ಟಿಕೆಟ್ ಹರಿಯುತ್ತಿದ್ದ ನಾನು ಸ್ಟೂಲ್ ಹತ್ತಿದೆ. ಉಜ್ಜಿದಷ್ಟೂ ಮಚ್ಚೆ ನನ್ನ ಕೈಮೇಲೇ ಕೂತಿತು. ನಾಯಕಿ ನನ್ನ ಬೆನ್ನಮೇಲೆ ಅತ್ತಳು.

ಕಿವಿಗೆ ಬೀಡಿ ಸಿಕ್ಕಿಸಿಕೊಂಡಿರುವ ಆಪರೇಟರದು ಯಾವ ತೊಂದರೆಗೂ ಒಂದೇ ಮಾತು. ಅಂದೂ ಕ್ಯಾಬಿನ್ನಿನಿಂದ ಅದನ್ನೇ ಕೂಗಿದರು: “ಪರದೆ ಪಾಪದ್ದು ಕಣ್ಲಾ, ಬುಟ್ಬುಡು!” ಪ್ರೊಜೆಕ್ಟರಿನ ಮುಂದಿದ್ದ ಕಿಟಕಿಗಾಜಿಗೆ ಅಂಟಿದ್ದ ಹುಳವನ್ನು ಪಂಚೆಯ ತುದಿಯಿಂದ ಒರೆಸಿದರು. ಮಚ್ಚೆ ಮಾಯ!

ಆಟ ಬಿಟ್ಟಾಗ ಮಿರ್ಲೆಯ ಅಜ್ಜಿಯೊಬ್ಬರು ನನ್ನ ಕೈ ಹಿಡಿದರು: “ಎದ್ದೋಗ್ತಿದ್ದೆ ಕಣಪ್ಪಾ, ನಿನ್ನ ನೋಡಿ ಕೂತ್ಕಂಡೆ. ನಾಳಿಕ್ಕೂ ಒರಸ್ತೀಯಾ? ಸೊಸೇನೂ ಕರ್ಕಂಡ್ ಬತ್ತೀನಿ.”