ಕಡಲಿಗೆ ಒಯ್ದ ಎಡೆ

ಮಳವಳ್ಳಿ ತಾಲ್ಲೂಕಿನ ಶಾಲೆಗಳಲ್ಲಿ ಹದಿನೆಂಟು ವರ್ಷ ಸಮಾಜ ಪಾಠ ಹೇಳಿದ್ದೇನೆ. ಗೋಡೆಗೆ ಭೂಪಟ ತೂಗುಹಾಕಿ, ಇದು ಅರಬ್ಬಿ ಸಮುದ್ರ, ಅದು ಬಂಗಾಳ ಕೊಲ್ಲಿ ಎಂದು ಮಕ್ಕಳ ಬಾಯಲ್ಲಿ ಹೇಳಿಸಿದ್ದೇನೆ. ಕಡಲನ್ನು ಮಾತ್ರ ಕಣ್ಣಾರೆ ಕಂಡಿರಲಿಲ್ಲ. ಅದನ್ನು ಯಾರ ಮುಂದೆಯೂ ಒಪ್ಪಿಕೊಂಡಿರಲಿಲ್ಲ ಕೂಡ.

ನೋಡಲೇಬೇಕೆಂದು ಹಟ ಹಿಡಿದವಳು ಅವ್ವ. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಅವರ ಬೂದಿಯನ್ನು ಬೆಳಕವಾಡಿಯ ಆಚೆ ಕಾವೇರಿಯಲ್ಲಿ ಬಿಟ್ಟಿದ್ದೆವು. "ಒಳೇಲಿ ಬುಟ್ಟ ನಿಮ್ಮಪ್ಪ ಈಗ ಕಡಲು ಸೇರಿರ್ತಾರೆ. ಒಂದ್ಸಲ ಓಗಿ ಎಡೆ ಇಟ್ಟು ಬರ್ಬೇಕು ಕಣ್ಲಾ" ಎಂದು ನನ್ನ ತಲೆ ತಿನ್ನುತ್ತಿದ್ದಳು. ಪಿತೃಪಕ್ಷದಲ್ಲಿ, ಹೋದವರಿಗೆ ಇಷ್ಟವಾದದ್ದನ್ನೆಲ್ಲ ಎಲೆಯ ಮೇಲಿಟ್ಟು ಕೈಮುಗಿಯುತ್ತೇವಲ್ಲ, ಆ ಎಡೆ.

ಕೊನೆಗೆ ಧರ್ಮಸ್ಥಳಕ್ಕೆ ಹೋದಾಗ ಒಂದು ದಿನ ಉಳಿಸಿಕೊಂಡು, ಬೆಳಗಿನ ಬಸ್ಸು ಹತ್ತಿ, ಕರಾವಳಿಯ ಒಂದು ಸಣ್ಣ ಮೀನುಗಾರರ ಊರಿನಲ್ಲಿ ಇಳಿದೆವು. ಅವ್ವನ ಚೀಲದಲ್ಲಿ ಬಾಳೆಲೆ, ಮನೆಯಲ್ಲಿ ಕರಿದ ಕಜ್ಜಾಯ, ಒಂದು ಕಟ್ಟು ಬೀಡಿ. ನನಗೆ ನಗು ಬಂತು, ನಗಲಿಲ್ಲ.

ಊರೆಂದರೆ ಒಂದೇ ಬೀದಿ. ಅದರ ತುದಿಯಲ್ಲಿ ಬಲೆಯ ರಾಶಿಗಳು, ಬುಟ್ಟಿಗೆ ಬಂಗುಡೆ ಮೀನು ತುಂಬುತ್ತಿದ್ದ ಹೆಂಗಸರು, ದಡಕ್ಕೆಳೆದ ದೋಣಿಗಳು. ಎರಡು ದೋಣಿಗಳ ಸಂದಿಯಿಂದ ಆಚೆ ಬಂದವನು ನಿಂತೇಬಿಟ್ಟೆ. ಭೂಪಟದಲ್ಲಿ ಅಂಗೈಯಗಲ ಇದ್ದ ನೀಲಿ ಬಣ್ಣ ಇಷ್ಟೊಂದು ನೀರೇ! ಎಡಕ್ಕೂ ಅದೇ, ಬಲಕ್ಕೂ ಅದೇ, ಎದುರಿಗೆ ಆಕಾಶ ಸಿಗುವವರೆಗೂ ಅದೇ. ಶಿವನಸಮುದ್ರದ ಭೋರ್ಗರೆತ ಕೇಳಿ ಬೆಳೆದವನು ನಾನು. ಅದು ಬೇಸಿಗೆ ಬಂದರೆ ತಣ್ಣಗಾಗುತ್ತದೆ. ಇದು ಎಂದೂ ಸುಮ್ಮನಾಗುವುದಿಲ್ಲ ಎಂದು ಹೊಳೆದಾಗ ಮೈ ಜುಮ್ಮೆಂದಿತು.

"ಅಯ್ಯಯ್ಯೋ, ಈಪಾಟಿ ನೀರಾ!" ಎಂದಳು ಅವ್ವ. ಅಲೆ ಮುಟ್ಟುವ ಜಾಗದಲ್ಲಿ ಕೂತು ಎಲೆ ಹಾಸಿದಳು. "ನಮ್ ಕಾವೇರಿ ಎಲ್ಲಿ ಬಂದು ಸೇರ್ತಾಳೆ ಮಗ?"

ಮೇಷ್ಟರ ಬಾಯಿ ಸುಮ್ಮನಿರುತ್ತದೆಯೇ? "ಅವ್ವಾ, ನಮ್ಮ ನೀರು ತಮಿಳುನಾಡಿಗೆ ಓಯ್ತದೆ. ಬುಡಬ್ಯಾಡಿ ಅಂತ ಮದ್ದೂರಲ್ಲಿ ನೀನೇ ರಸ್ತೆ ಮೇಲೆ ಕೂತಿದ್ದೆಯಲ್ಲ! ಅದು ಸೇರೋದು ಮೂಡ್ಲ ಕಡಲಿಗೆ. ಇದು ಪಡುವಣದ್ದು. ಇದೇ ಬೇರೆ."

ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಕಜ್ಜಾಯ ಹಿಡಿದಿದ್ದ ಅವಳ ಕೈ ಹಾಗೇ ನಿಂತಿತ್ತು.

"ಅಂಗಾರೆ ನಿಮ್ಮಪ್ಪ ಇಲ್ಲಿಲ್ವಾ?"

ಎರಡು ವರ್ಷದಿಂದ ಕಾದಿದ್ದ ಭೇಟಿಯನ್ನು ಒಂದೇ ಉಸಿರಿನಲ್ಲಿ ಕೆಡಿಸಿದ್ದೆ. ನನ್ನ ಮೇಲೆ ನನಗೇ ಸಿಟ್ಟು ಬಂತು. ಎಲೆ ಮಡಚಿಬಿಡುತ್ತಾಳೇನೋ ಎಂದು ಹೆದರಿದೆ.

ಅವಳು ಮಡಚಲಿಲ್ಲ. ನಾಟಿಗೆ ಮುಂಚೆ ಗದ್ದೆಯ ನೀರು ನೋಡುವ ಹಾಗೆ, ಆ ತುದಿಯಿಂದ ಈ ತುದಿಯವರೆಗೆ ಕಣ್ಣಾಡಿಸಿದಳು. "ಆ ಕಡಲ್ಗೂ ಈ ಕಡಲ್ಗೂ ಮಧ್ಯ ಗದ್ದೇಲಿರೋ ಅಂಗೆ ಬದ ಏನಾರ ಐತಾ?"

ಭೂಪಟವನ್ನು ನೆನಪಿಸಿಕೊಂಡೆ. ಕನ್ಯಾಕುಮಾರಿಯಿಂದ ಕೆಳಗೆ ಎಲ್ಲ ಒಂದೇ ನೀಲಿ. ಅಷ್ಟು ವರ್ಷ ಅಲ್ಲಿ ಕೋಲಾಡಿಸಿದ್ದೆ, ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

"ಇಲ್ಲ ಕಣವ್ವ. ಬದ ಇಲ್ಲ."

"ಅಂಗಾರೆ ಬತ್ತಾರೆ ಬುಡು."

ಕಜ್ಜಾಯ ಇಟ್ಟಳು, ಬೀಡಿ ಇಟ್ಟಳು, ಕೈಮುಗಿದು ಕೂತಳು. ದೊಡ್ಡದೊಂದು ಅಲೆ ಬಂದು ಸೀರೆಯನ್ನು ಸೊಂಟದವರೆಗೆ ನೆನೆಸಿತು, ಅವಳು ಅಲ್ಲಾಡಲಿಲ್ಲ. ನೀರು ಇಳಿದಾಗ ಎಲೆ ಇರಲಿಲ್ಲ. ನಾನು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದೆ, ಯಾವಾಗ ಇಳಿದೆನೋ ಗೊತ್ತಿಲ್ಲ. "ಅಪ್ಪಾ" ಎಂದು ಕೂಗಿದೆ. ಎರಡು ವರ್ಷದ ಮೇಲೆ ಆ ಮಾತು ಬಾಯಿಗೆ ಬಂದಿತ್ತು.