ಶೀಟಿನ ಪುಡಿಗೆ ಬೆಲ್ಲ

ಅಪ್ಪನ ಕಸುಬು ಸಿಂಧನೂರಿನ ಅಕ್ಕಿ ಗಿರಣಿಗಳಿಗೆ ಆಸ್ಬೆಸ್ಟಾಸ್ ಸಿಮೆಂಟಿನ ಶೀಟು ಹೊದಿಸುವುದು. ಗರಗಸ ಹಾಕಿ ಶೀಟು ಕೊಯ್ದರೆ ಬಿಳಿ ಪುಡಿ ಹಾರಿ ಹುಬ್ಬು, ಮೀಸೆ ಎಲ್ಲ ಬೆಳ್ಳಗಾಗುತ್ತಿತ್ತು. ಮೂಗಿಗೆ ಕಟ್ಟಿಕೊಳ್ಳಲು ಒಂದು ಬಟ್ಟೆ ಕೊಡದ ಗುತ್ತಿಗೆದಾರ ಸಂಜೆಗೆ ಮಾತ್ರ ತಪ್ಪದೆ ಬೆಲ್ಲದ ಚೂರು ಕೊಡುತ್ತಿದ್ದ. ಬೆಲ್ಲ ತಿಂದರೆ ಎದೆಯೊಳಗಿನ ಧೂಳು ಕೆಳಗಿಳಿಯುತ್ತದಂತೆ. ಎಂಥ ಧರ್ಮಾತ್ಮ! ಆ ಸುಡುಗಾಡು ಬೆಲ್ಲವನ್ನು ನಮ್ಮಪ್ಪ ಪ್ರಸಾದದಂತೆ ಕಣ್ಣಿಗೊತ್ತಿಕೊಂಡು ತಿನ್ನುತ್ತಿದ್ದ. ಮಸ್ಕಿಯ ಮನೆಗೆ ಬಂದ ಮೇಲೆ ಅವ್ವ ಅವನ ಅಂಗಿಯನ್ನು ಬಾಗಿಲಲ್ಲಿ ನಿಂತು ಪಟಪಟ ಝಾಡಿಸಿ ಒಗೆಯುತ್ತಿದ್ದಳು.

ಅಪ್ಪ ಕೆಲಸ ಬಿಟ್ಟು ಎಷ್ಟೋ ವರ್ಷಗಳಾದ ಮೇಲೆ, ಅವನ ಜೊತೆ ಶೀಟು ಕೊಯ್ಯುತ್ತಿದ್ದ ಲಿಂಗಸುಗೂರಿನ ಗೆಳೆಯ ಉಸಿರು ಸಿಗದೆ ಸತ್ತ. ಆ ಪುಡಿಯಿಂದಲೇ ಎಂದು ಡಾಕ್ಟರು ಹೇಳಿದರಂತೆ. ಮಣ್ಣಿಗೆ ಹೋಗಿ ಬಂದ ದಿನದಿಂದ ಅಪ್ಪನಿಗೆ ಒಂದೇ ಚಿಂತೆ. ಊಟಕ್ಕೆ ಕೂತರೂ ಎದೆ ಮುಟ್ಟಿ ನೋಡಿಕೊಳ್ಳುವನು. "ನಂಗೂ ಹಿಡದೈತೇನವ್ವಾ?" ಎಂದು ಮಗಳಾದ ನನ್ನನ್ನು ಕೇಳುವನು. "ಏನಾಗಿಲ್ಲ, ಸುಮ್ನ ಉಣ್ರಿ" ಎಂದು ಅವ್ವ ಕೆಮ್ಮುತ್ತಲೇ ಗದರುವಳು. ಅವಳದು ಒಲೆಯ ಹೊಗೆಯ ಕೆಮ್ಮು ಎಂದೇ ಮನೆಯವರೆಲ್ಲ ತಿಳಿದಿದ್ದೆವು.

ಕೊನೆಗೆ ಅಪ್ಪನನ್ನು ಸಿಂಧನೂರಿನ ಎದೆ ಡಾಕ್ಟರ ಹತ್ತಿರ ಕರೆದೊಯ್ದೆ. ಅವ್ವನೂ ಬಂದಳು. ಎಕ್ಸ್‌ರೇ ನೋಡಿದ ಡಾಕ್ಟರು, "ಸದ್ಯಕ್ಕ ಏನೂ ಕಾಣವಲ್ದು. ಆದ್ರ ಬೀಡಿ ಇವತ್ತ ಬಿಡ್ರಿ, ವರ್ಷಕ್ಕೊಮ್ಮೆ ಬಂದು ತೋರಿಸ್ರಿ" ಎಂದರು.

ಅಪ್ಪನ ಮುಖ ಅರಳಿತು. "ದಿನಾ ಬೆಲ್ಲ ತಿಂದೀನ್ರೀ ಸಾಹೇಬ್ರ, ಅದಕ್ಕ!"

"ಬೆಲ್ಲ ಹೊಟ್ಟಿಗೆ ಹೋಗ್ತದ ಯಜಮಾನ್ರ, ಪುಡಿ ಉಸಿರಿನ ಕೂಡ ಎದಿಯೊಳಗ ಹೋಗ್ತದ. ಎರಡೂ ಭೆಟ್ಟಿನ ಆಗಂಗಿಲ್ಲ." ಹೀಗೆಂದವರು ಬೆಂಚಿನ ಮೇಲೆ ಕೆಮ್ಮುತ್ತಿದ್ದ ಅವ್ವನ ಕಡೆ ತಿರುಗಿದರು. "ಇವರ ಅರಿವಿ ಯಾರು ಒಗೀತಿದ್ರು?"

"ನಾನ ರೀ. ಝಾಡಿಸಿ ಒಗೀತಿದ್ದೆ."

ಡಾಕ್ಟರು ಅವಳಿಗೂ ಎಕ್ಸ್‌ರೇ ತೆಗೆಸಿ, ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಶ್ವಾಸಕೋಶದ ಹೊರಪದರ ದಪ್ಪಗಾಗಿದೆ, ನೀರೂ ತುಂಬಿದೆ, ರಾಯಚೂರಿಗೆ ಹೋಗಿ ಸ್ಕ್ಯಾನ್ ಮಾಡಿಸಿ, ತಡಮಾಡಬೇಡಿ ಎಂದರು.

ಬಸ್ ಸ್ಟ್ಯಾಂಡಿನಲ್ಲಿ ಅಪ್ಪ ಕಾಣೆಯಾದ. ಬೀಡಿ ಸೇದಲು ಹೋದನೆಂದು ನನಗೆ ಸಿಟ್ಟು ನೆತ್ತಿಗೇರಿತು. ತಿರುಗಿ ಬಂದಾಗ ಕೈಯಲ್ಲಿ ಬೆಲ್ಲದ ಅಚ್ಚು. ಒಂದು ತುಂಡು ಮುರಿದು ಅವ್ವನ ಅಂಗೈಯಲ್ಲಿಟ್ಟ. "ತಿನ್ನು. ಅವಾಗ ನಿನಗೊಂದು ಚೂರೂ ತರಲಿಲ್ಲ ನಾ."

"ಡಾಕ್ಟರು ಈಗಷ್ಟ ಏನು ಹೇಳಿದ್ರಪಾ?" ಎಂದು ನಾನು ಬಾಯಿ ತೆರೆದೆ. ಅವ್ವ ಕಣ್ಣಲ್ಲೇ ನನ್ನನ್ನು ಸುಮ್ಮನಾಗಿಸಿ ಬೆಲ್ಲ ಬಾಯಿಗೆ ಹಾಕಿಕೊಂಡಳು.

"ಎದಿ ಹಗುರಾತು ನೋಡ್ರಿ" ಎಂದಳು ಅವನಿಗೆ, ಕೆಮ್ಮು ತಡೆದುಕೊಳ್ಳುತ್ತಾ.