ಐದೂವರೆ ಮಾರು

ಹಿರೇಹಳ್ಳಿಯ ಕಾರ್ಖಾನೆಯೊಂದರ ಸ್ಟೋರ್ಸ್‌ನಲ್ಲಿ ಕೆಲಸ ಮಾಡುವ ನನಗೆ ಅಳತೆಯ ವಿಷಯದಲ್ಲಿ ಸ್ವಲ್ಪ ಜಂಬ. ತುಮಕೂರಿನ ನಮ್ಮ ಮನೆ ಮೂವತ್ತು ನಲವತ್ತರ ಸೈಟು, ಸಾವಿರದ ಇನ್ನೂರು ಚದರಡಿ. ಗುಂಟೆ ಎಂದರೆ ಮೂವತ್ತಮೂರು ಅಡಿ ಉದ್ದ, ಅಷ್ಟೇ ಅಗಲ, ಸಾವಿರದ ಎಂಬತ್ತೊಂಬತ್ತು ಚದರಡಿ. ಗುಂಟೆಯೂ ಸೈಟೂ ಒಂದೇ ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನೂರ ಹನ್ನೊಂದು ಚದರಡಿ ಪುಕ್ಕಟೆ ಬರುತ್ತದೆಯೇ?

ಗುಬ್ಬಿ ಹತ್ತಿರ ಅಪ್ಪನ ತೆಂಗಿನ ತೋಟಕ್ಕೆ ಹೊಂದಿಕೊಂಡು ಇಪ್ಪತ್ತು ಗುಂಟೆ ರಾಗಿ ಹೊಲವಿದೆ. ಅದಕ್ಕೂ ತೆಂಗು ಹಾಕಬೇಕೆನ್ನುತ್ತಿದ್ದ ಅಪ್ಪ ಮೂರು ವರ್ಷದ ಹಿಂದೆ ತೀರಿಕೊಂಡರು. ಅವರು ಹೇಗೆ ನೆಡುತ್ತಿದ್ದರೋ ಹಾಗೇ ನೆಡಬೇಕೆಂಬುದು ಅಮ್ಮನ ಹಟ. ಅವರ ಮರದ ಕಾಯಿಗಳನ್ನೇ ಮೊಳಕೆಗಿಟ್ಟು ಸಸಿ ಮಾಡಿದ್ದಳು. ಗುಂಟೆಗೊಂದು, ಒಟ್ಟು ಇಪ್ಪತ್ತು.

ಗುಂಡಿಗೆ ಗೂಟ ಹೊಡೆಯಲು ಒಂದು ಭಾನುವಾರ ಹೋದೆ. ಟೇಪು ಮನೆಯಲ್ಲೇ ಮರೆತಿದ್ದೆ. "ಟೇಪ್ ಯಾತಕ್ಕೆ? ಗಿಡದಿಂದ ಗಿಡಕ್ಕೆ ಐದೂವರೆ ಮಾರು" ಎಂದು ಅಮ್ಮ ಹಗ್ಗ ಕೊಟ್ಟಳು. ಎರಡೂ ಕೈ ಚಾಚಿದಷ್ಟು ಉದ್ದ ಒಂದು ಮಾರು. ನಾನು ಕೈ ಚಾಚಿ ಚಾಚಿ ಹಗ್ಗ ಅಳೆದು, ಬಿಸಿಲಿನಲ್ಲಿ ಬೆವರು ಸುರಿಸಿ ಗೂಟ ಹೊಡೆದೆ. ಎಣಿಸಿದರೆ ಇಪ್ಪತ್ತನಾಲ್ಕು! ಪಕ್ಕದಲ್ಲಿ ಒಂದಿಷ್ಟು ಜಾಗ ಬೇರೆ ಮಿಕ್ಕಿತ್ತು.

"ಇನ್ನೂ ನಾಲ್ಕು ಸಸಿ ತರ್ಬೇಕು ಕಣಮ್ಮ" ಎಂದೆ ಹೆಮ್ಮೆಯಿಂದ.

"ಯಾರ ಮಾರಲ್ಲಿ ಅಳ್ದೆ?"

"ನನ್ನ ಮಾರಲ್ಲೇ."

ಅಮ್ಮ ಐದಡಿಯ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತ ಸುಮ್ನೆ ಹೇಳ್ತಾರಾ? ನಿನ್ನ ಮಾರು ಯಾರಿಗ್ ಬೇಕು? ನಾನ್ ಹೇಳಿದ್ದು ನಿಮ್ಮಪ್ಪನ ಮಾರು ಕಣೇ."

ನನಗೆ ರೇಗಿತು. "ಅದನ್ನ ಈಗ ಎಲ್ಲಿಂದ ತರ್ಲಿ?"

ಬಾಯಿಂದ ಜಾರಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅಮ್ಮ ಇನ್ನೊಂದು ಹಗ್ಗ ತೆಗೆದುಕೊಂಡು ಹಳೇ ತೋಟಕ್ಕೆ ನಡೆದಳು. ಅಪ್ಪ ನೆಟ್ಟ ಒಂದು ಮರದ ಬುಡದಲ್ಲಿ ಹಗ್ಗದ ತುದಿಯನ್ನು ನನ್ನ ಕೈಗೆ ಕೊಟ್ಟು, ಪಕ್ಕದ ಮರದ ಬುಡಕ್ಕೆ ಹೋಗಿ ಬಿಗಿಯಾಗಿ ಎಳೆದು ಕೂತಳು.

"ಇಗಾ, ಇಲ್ಲೈತೆ."

ಲೆಕ್ಕ ಮನಸ್ಸಿನಲ್ಲೇ ಓಡಿತು. ಗುಂಟೆಗೊಂದು ಮರವೆಂದರೆ ಮರದಿಂದ ಮರಕ್ಕೆ ಮೂವತ್ತಮೂರು ಅಡಿ. ಐದೂವರೆಯಿಂದ ಭಾಗಿಸಿದರೆ ಆರು. ನಮ್ಮಪ್ಪ ಕೈ ಚಾಚಿದರೆ ಆರಡಿ. ಅವರಿದ್ದಾಗ ಒಂದು ದಿನವೂ ನನಗಿದು ಹೊಳೆದಿರಲಿಲ್ಲ.

ಹೊಡೆದ ಗೂಟಗಳನ್ನೆಲ್ಲ ಕೀಳಬೇಕಿತ್ತು. "ಅಳತೆ ಸಿಕ್ತಲ್ಲ, ಬಿಡಮ್ಮ, ಹೋಗೋಣ" ಎಂದು ನನ್ನ ತುದಿಯನ್ನು ಸಡಿಲಿಸಿದೆ.

"ಇರು" ಎಂದಳು ಅಮ್ಮ. "ಇನ್ನೊಂಚೂರು ಹಿಡ್ಕೊಂಡಿರು."